ಸದರಿ ದ್ರವದಲ್ಲಿ ಬೆಲ್ಲ: ಮುನಿರ್ಕಾ ಕನ್ನಡಿಗರ ಪ್ರಾದೇಶಿಕತೆಯ ಒಂದು ಕುಕ್ಕರ್-ಕೇಂದ್ರಿತ ಅಧ್ಯಯನ

ಪೀಠಿಕೆ

ದೆಹಲಿಯ ಮುನಿರ್ಕಾ ಗ್ರಾಮದ ಒಂದು ಗಲ್ಲಿಯಲ್ಲಿ, ನಾಲ್ಕನೆಯ ಮಹಡಿಯ ಬಾಡಿಗೆ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ಸಾರಿನೊಳಗೆ ಬೆಲ್ಲ ಪತ್ತೆಯಾಯಿತು. ಪ್ರಸ್ತುತ ಪ್ರಬಂಧದ ಮೂಲ ಅಲ್ಲಿದೆ. ಬೆಲ್ಲ ಅಡಕೆ ಗಾತ್ರದ್ದೆಂದು ಒಬ್ಬ ಸಾಕ್ಷಿ, ನಿಂಬೆ ಗಾತ್ರದ್ದೆಂದು ಇನ್ನೊಬ್ಬ. ಬಿದ್ದದ್ದು ಸಾರಿಗೋ ಹುಳಿಗೋ ಸಾಂಬಾರಿಗೋ ಬ್ಯಾಳಿಗೋ ಎಂಬುದರಲ್ಲೇ ಮನೆಯವರಲ್ಲಿ ಒಮ್ಮತವಿಲ್ಲ. ಆದ್ದರಿಂದ ಶಾಸ್ತ್ರೀಯ ನಿಷ್ಪಕ್ಷಪಾತದ ದೃಷ್ಟಿಯಿಂದ ಪಾತ್ರೆಯಲ್ಲಿದ್ದುದನ್ನು ಇನ್ನು ಮುಂದೆ 'ಸದರಿ ದ್ರವ' ಎಂದೇ ಕರೆಯಲಾಗುವುದು.

ಈ ವಿಷಯದಲ್ಲಿ ನಮಗಿಂತ ಮೊದಲು ಕೆಲಸ ಮಾಡಿದವರು ಇಲ್ಲವೆಂದಲ್ಲ. ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗಕಾರನು ಕನ್ನಡದ ದೇಸಿಗಳು ಎಷ್ಟೊಂದು ಬಗೆಯವೆಂದರೆ ಸಾವಿರ ನಾಲಗೆಯ ವಾಸುಕಿಗೂ ಅವನ್ನು ಅರಿತು ಮುಗಿಸಲಾಗದೆ ಬೇಸರ ಬಂದೀತು ಎಂಬರ್ಥದ ಮಾತು ಹೇಳಿ ಕೈತೊಳೆದುಕೊಂಡಿದ್ದಾನೆ. ವಾಸುಕಿಗೆ ಬಾಡಿಗೆ ಕಟ್ಟುವ ಚಿಂತೆ ಇರಲಿಲ್ಲ. ನಮಗೆ ನಾಲಗೆ ಐದೇ, ಕುಕ್ಕರ್ ಒಂದೇ.

ಕ್ಷೇತ್ರ

ಮುನಿರ್ಕಾ ಟೋಕಸ್ ಜಾಟರ ಹಳೆಯ ಹಳ್ಳಿ. ಸುತ್ತಲೂ ರಾಜಧಾನಿ ಬೆಳೆಯಿತು; ಹಳ್ಳಿ ಅಗಲಕ್ಕೆ ಬೆಳೆಯಲಾರದೆ ಎತ್ತರಕ್ಕೆ ಬೆಳೆಯಿತು. ಕಂದಾಯ ನಕ್ಷೆಯಲ್ಲಿ ವಾಸದ ಜಾಗಕ್ಕೆ ಸುತ್ತ ಎಳೆದ ಕೆಂಪು ಗೆರೆಗೆ ಇಲ್ಲಿ ಲಾಲ್ ಡೋರಾ ಎನ್ನುತ್ತಾರೆ. ಗೆರೆಯೊಳಗೆ ಕಟ್ಟಡದ ಕಾಯಿದೆಗಳು ಸಡಿಲವಾದ್ದರಿಂದ ಎದುರುಮನೆಯ ಒಗ್ಗರಣೆ ನಮ್ಮ ಕಿಟಕಿಯಲ್ಲಿ ಸಿಡಿಯುತ್ತದೆ. ಒಂದು ಬದಿಗೆ ಜೆಎನ್‌ಯು, ಪಕ್ಕದಲ್ಲಿ ಐಎಎಸ್ ಪರೀಕ್ಷೆಯ ನೋಟ್ಸ್ ಮಾರುವ ಬೇರ್ ಸರಾಯ್, 2018ರಿಂದ ನೆಲದಡಿ ಮೆಟ್ರೊ. ಕೂಗಳತೆಯಲ್ಲೇ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ. 1857ರಲ್ಲಿ ರೇವಾಡಿಯಿಂದ ಬ್ರಿಟಿಷರ ಮೇಲೆ ಎದ್ದ ಆ ವೀರನ ಹೆಸರಿನ ರಸ್ತೆಯಲ್ಲಿ ರಾಜ್ಯೋತ್ಸವದ ದಿನ ಡೊಳ್ಳಿನ ಸದ್ದು ಕೇಳಿದರೆ ಅಚ್ಚರಿಪಡಬೇಕಾಗಿಲ್ಲ. ನವೆಂಬರ್ 1 ಹರಿಯಾಣದ ಹುಟ್ಟುಹಬ್ಬವೂ ಹೌದು. ನಮ್ಮದು 1956, ಅವರದು 1966. ನಮ್ಮ ಮನೆ ಮಾಲೀಕರ ಬೀಗರೆಲ್ಲ ಆ ಕಡೆಯವರೇ.

ಮಾಲೀಕರು ಮನುಷ್ಯರನ್ನು ಎರಡೇ ಜಾತಿಯಾಗಿ ವಿಂಗಡಿಸುತ್ತಾರೆ: ನೀರಿನ ಮೋಟರು ಆರಿಸುವವರು, ಆರಿಸದವರು. ನಾವು ಐವರೂ ಎರಡನೆಯ ಗುಂಪಿನವರು. ಈ ಪದ್ಧತಿಯಲ್ಲಿ ಹುರುಳಿದೆಯಾದರೂ ಪ್ರಾದೇಶಿಕ ಅಧ್ಯಯನಕ್ಕೆ ಉಪಯೋಗವಿಲ್ಲ.

ಮಾದರಿಗಳು ಮತ್ತು ಲೇಖಕನ ನಿಷ್ಪಕ್ಷಪಾತ

ಮಾದರಿಗಳು ನಾಲ್ಕು. ಧಾರವಾಡದವನು ಜೆಎನ್‌ಯುನಲ್ಲಿ ಸಂಶೋಧನೆ ಮಾಡುತ್ತಾನೆ, ಎಷ್ಟನೆಯ ವರ್ಷ ಎಂದು ಕೇಳಬಾರದು. ಕಲಬುರಗಿಯವನು ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಹಿಡಿದು ಯುಪಿಎಸ್‌ಸಿ ಬರೆಯುತ್ತಾನೆ. ಪುತ್ತೂರಿನವನು ಗುರುಗ್ರಾಮದ ಒಂದು ಲೆಕ್ಕಪತ್ರದ ಕಚೇರಿಯಲ್ಲಿ, ಮಂಡ್ಯದವನು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ. ಹೆಸರುಗಳನ್ನು ಸಂಶೋಧನಾ ನೀತಿಯಂತೆ ಮುಚ್ಚಿಡಲಾಗಿದೆ. ಮನೆಯಲ್ಲೂ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ, 'ಧಾರವಾಡ', 'ಮಂಡ್ಯ' ಎಂದೇ ಕರೆಯುವುದು. ಜಿಲ್ಲೆಗೆ ಜಿಲ್ಲೆಯೇ ಬಚ್ಚಲಿನಲ್ಲಿ ಹಾಡುತ್ತಿರುತ್ತದೆ.

ಐದನೆಯವನು ಲೇಖಕ, ಹರಿಹರದವನು. 1956ಕ್ಕೆ ಮೊದಲು ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಪ್ರಾಂತ. ಊರಿನ ದೇವರೂ ಅರ್ಧ ಹರಿ, ಅರ್ಧ ಹರ. ಬೆಂಗಳೂರಿಗೆ ಹೋದರೆ 'ನೀವು ಉತ್ತರ ಕರ್ನಾಟಕದವರಾ' ಎನ್ನುತ್ತಾರೆ, ಹುಬ್ಬಳ್ಳಿಗೆ ಹೋದರೆ 'ನೀವು ಆ ಕಡೇದವರಲ್ರೀ' ಎನ್ನುತ್ತಾರೆ. ಇಷ್ಟು ಹುಟ್ಟಾ ನಿಷ್ಪಕ್ಷಪಾತಿ ಸಂಶೋಧಕ ಕನ್ನಡಕ್ಕೆ ಇದುವರೆಗೆ ದೊರೆತಿರಲಿಲ್ಲ ಎಂಬುದನ್ನು ವಿನಯದಿಂದ ದಾಖಲಿಸುತ್ತೇನೆ.

ಹೆಸರುಗಳ ಬಗ್ಗೆ ಒಂದು ಮಾತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಮುಂಬಯಿ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ಕರಾವಳಿಗೆ ಕಡಲು ಇರುವವರೆಗೆ ಹೆಸರಿನ ಚಿಂತೆಯಿಲ್ಲ. ಮಂಡ್ಯ ಮಾತ್ರ ಇಂದಿಗೂ ಹಳೆ ಮೈಸೂರು. ತನ್ನನ್ನು ತಾನೇ ಹಳೆಯದೆಂದು ಕರೆದುಕೊಂಡು ಮೀಸೆ ತಿರುವುವ ಪ್ರಾಂತ ಜಗತ್ತಿನಲ್ಲಿ ಇನ್ನೊಂದಿರಲಾರದು. ನಮಗೆ ಸಿಕ್ಕಿದ್ದು 'ಮಧ್ಯ ಕರ್ನಾಟಕ'. ಎಲ್ಲರೂ ಹಂಚಿಕೊಂಡ ಮೇಲೆ ಬಾಣಲೆಯ ತಳದಲ್ಲಿ ಉಳಿಯುತ್ತದಲ್ಲ, ಅದು.

ಸರಬರಾಜು ಮಾರ್ಗಗಳು

ಮುನಿರ್ಕಾದ ಆಹಾರ ಸಂಸ್ಕೃತಿಗೆ ಮೂರು ರೈಲುಗಳು ಆಧಾರ. ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಮಂಡ್ಯದವನ ರಾಗಿಹಿಟ್ಟನ್ನೂ ಹತ್ತಿಸಿಕೊಂಡು, ಕಲಬುರಗಿಯಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿಯನ್ನೂ ಸೇರಿಸಿಕೊಂಡು ಬರುತ್ತದೆ. ಸಂಪರ್ಕ ಕ್ರಾಂತಿ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಹಾದು ಬರುವುದರಿಂದ ಧಾರವಾಡದ ಪೇಢೆ ಮತ್ತು ಲೇಖಕನ ತಾಯಿ ಕಳಿಸುವ ಚೀಲ ಒಂದೇ ಬೋಗಿಯಲ್ಲಿ ಇಳಿಯುತ್ತವೆ. ಕೊಂಕಣ ಮಾರ್ಗದ ಮಂಗಳಾ ಎಕ್ಸ್‌ಪ್ರೆಸ್ ಪುತ್ತೂರಿನವನಿಗೆ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ ತರುತ್ತದೆ.

ಕುಚ್ಚಲಕ್ಕಿ ಬಂದ ವಾರ ಮನೆಯಲ್ಲಿ ಶಾಂತಿ ಇರುವುದಿಲ್ಲ. ಅದು ಎಷ್ಟು ಸೀಟಿಗೆ ಬೇಯುತ್ತದೆಂಬುದು ಗಣಿತದ ವಿಷಯವಲ್ಲ, ಶ್ರದ್ಧೆಯ ವಿಷಯ. ಸಿಲಿಂಡರಿನಲ್ಲಿ ಅನಿಲ 14.2 ಕೆ.ಜಿ. ಮಾತ್ರ ಎಂಬುದನ್ನು ಮಂಡ್ಯದವನು ಆಗಾಗ ಗಟ್ಟಿಯಾಗಿ ಓದುತ್ತಾನೆ.

ಇಲ್ಲೊಂದು ಉಪಶೋಧ. ಸದರಿ ದ್ರವದ ಬೇಳೆ ಕಲಬುರಗಿಯ ತೊಗರಿ, ಕೆಂಪು ಬ್ಯಾಡಗಿ ಮೆಣಸಿನಕಾಯಿಯದು, ಒಳಗೆ ಅರೆದ ಕಾಯಿ ಕರಾವಳಿಯದು. ಬ್ಯಾಡಗಿ ಹಾವೇರಿ ಜಿಲ್ಲೆಯದ್ದಾದರೂ ಅದಿಲ್ಲದೆ ಮಂಗಳೂರಿನ ಕೋಳಿ ಗಸಿಗೆ ಬಣ್ಣ ಬರುವುದಿಲ್ಲ. ಇದನ್ನು ಊಟದ ಹೊತ್ತಿಗೆ ಮಂಡಿಸಿದಾಗ ನಾಲ್ಕೂ ಮಾದರಿಗಳು ನನ್ನನ್ನು ದುರುಗುಟ್ಟಿ ನೋಡಿದವು. ಬೇರೆಯವರ ಬೇಳೆ ಬೇಯಿಸಿಕೊಳ್ಳುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ.

ವಿಚಾರಣೆಯ ಭಾಷಿಕ ದಾಖಲೆ

ಬೆಲ್ಲ ಪತ್ತೆಯಾದ ಕ್ಷಣದ ಮಾತುಗಳನ್ನು ಯಥಾವತ್ತಾಗಿ ಕೊಡುತ್ತೇನೆ.

ಧಾರವಾಡ: "ಯಾಂವಲೇ ಇದರಾಗ ಬೆಲ್ಲ ಒಗದಾಂವಾ?"

ಮಂಡ್ಯ: "ಯಾವನ್ಲಾ ಇದ್ಕೆ ಬೆಲ್ಲ ಸುರ್ದೋನು?"

ಕಲಬುರಗಿ: "ಯಾರ್ ಹಾಕ್ಯಾರ ಖರೇ ಹೇಳ್ರಿ, ನಾ ಏನೂ ಅನ್ನಂಗಿಲ್ಲ."

ಪುತ್ತೂರು: "ಬೆಲ್ಲ ಹಾಕುದಲ್ಲ ಮಾರಾಯ, ಅದು ಬೀಳುದು."

ಕೊನೆಯ ಮಾತಿನಿಂದ ಸಂಶಯವೆಲ್ಲ ಕರಾವಳಿಯತ್ತ ತಿರುಗಿತು. ಧಾರವಾಡದ 'ಲೇ', ಮಂಡ್ಯದ 'ಲಾ' ಎರಡೂ ಪ್ರೀತಿಗೂ ಜಗಳಕ್ಕೂ ಒದಗುವ ಪ್ರತ್ಯಯಗಳು. ಯಾವುದು ಯಾವಾಗ ಎಂಬುದು ಕೈಯಲ್ಲಿ ಸೌಟಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಪುತ್ತೂರಿನವನಿಗೆ ಜಗಳದ ಕನ್ನಡವೇ ಇಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. ಸಿಟ್ಟು ಬಂದಾಗ "ನೀನು ಹಾಗೆಲ್ಲ ಹೇಳಬಾರದು" ಎಂದು ಪಾಠ ಒಪ್ಪಿಸುವಂತೆ ಹೇಳುತ್ತಾನೆ. ಎದುರಿನವನಿಗೆ ನಗು ಬಂದು ಜಗಳ ಕೆಡುತ್ತದೆ.

ಸಾಕ್ಷ್ಯಗಳನ್ನು ತೂಗಿದರೆ ಯಾರೂ ನಿರಪರಾಧಿಯಲ್ಲ. ಮಂಡ್ಯದಲ್ಲಿ ಆಲೆಮನೆಗಳ ಹೊಗೆಯಾಡುತ್ತದೆ, 1933ರಿಂದ ಸಕ್ಕರೆ ಕಾರ್ಖಾನೆಯಿದೆ. ಆದರೂ ಸಾರಿಗೆ ಬೆಲ್ಲ ಹಾಕುವವನನ್ನು ಊರಿಗೇ ಸೇರಿಸುವುದಿಲ್ಲವೆಂದು ಅವನ ವಾದ. ಹಾಗಾದರೆ ಒಬ್ಬಟ್ಟಿನ ಸಾರು? ಅದು ಹಬ್ಬದ್ದಂತೆ, ಲೆಕ್ಕಕ್ಕಿಲ್ಲವಂತೆ. ಧಾರವಾಡದವನು ಅದನ್ನು ಹೋಳಿಗೆ ಎನ್ನುತ್ತಾನೆ, ಅದರ ಸಾರನ್ನು ಕಟ್ಟಿನ ಸಾರು ಎನ್ನುತ್ತಾನೆ, ಬೆಲ್ಲದ ಮಾತು ಬಂದಾಗ ಕಿಟಕಿಯಾಚೆ ನೋಡುತ್ತಾನೆ.

ಈರುಳ್ಳಿ ಹೆಚ್ಚುವಾಗ ಮಂಡಿತವಾದ ಪುರಾತತ್ತ್ವ

ಬೆಲ್ಲದ ವಿಚಾರಣೆ ಅಸಲಿ ಕನ್ನಡ ಯಾರದು ಎಂಬಲ್ಲಿಗೆ ಹೊರಳಿದ್ದು ಹೇಗೆಂದು ಟಿಪ್ಪಣಿಯಲ್ಲಿ ಸ್ಪಷ್ಟವಿಲ್ಲ. ಈರುಳ್ಳಿಯಿಂದಾಗಿ ಲೇಖಕನ ಕಣ್ಣು ಮಂಜಾಗಿತ್ತು. ಧಾರವಾಡ ಮೊದಲು ಬಾಣ ಬಿಟ್ಟಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ, ಇವುಗಳ ನಡುವಿನ ನಾಡೇ ತಿರುಳ್ಗನ್ನಡ ಎಂದು ಕವಿರಾಜಮಾರ್ಗವೇ ಹೇಳಿದೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಎಲ್ಲಾನೂ ನಮ್ಮ ಕಡೇವ, ಮುಗೀತ.

ಕಲಬುರಗಿಯವನು ಚಾಕು ಕೆಳಗಿಟ್ಟ. ಆ ಪುಸ್ತಕ ಬರೆಸಿದ ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ. ಸರ್ಟಿಫಿಕೇಟು ಕೊಟ್ಟ ಕಚೇರಿಯೇ ತಮ್ಮದೆಂದ. ಬೇಕಿದ್ದರೆ ಬಸವಕಲ್ಯಾಣವೂ ಇದೆ. ಅವನಿಗೆ ಸ್ವಾತಂತ್ರ್ಯ ದಿನವೂ ಎರಡು: ಆಗಸ್ಟ್ 15 ಎಲ್ಲರಿಗೂ, 1948ರ ಸೆಪ್ಟೆಂಬರ್ 17 ನಿಜಾಮನ ಆಳ್ವಿಕೆಯಿಂದ ಬಿಡಿಸಿಕೊಂಡವರಿಗೆ ಮಾತ್ರ. ಎರಡೂ ದಿನ ಜಿಲೇಬಿ ತರುತ್ತಾನಾದ್ದರಿಂದ ಯಾರೂ ಎದುರು ಹೇಳುವುದಿಲ್ಲ.

ಮಂಡ್ಯದವನು ಹಲ್ಮಿಡಿ ಶಾಸನ ಎತ್ತಿದ. ಕ್ರಿ.ಶ. 450ರ ಸುಮಾರಿನದು, ಹಾಸನ ಜಿಲ್ಲೆ ಬೇಲೂರು ತಾಲ್ಲೂಕು, ಹಾಸನ ತಮ್ಮ ಪಕ್ಕದ ಜಿಲ್ಲೆ. ನಿಮ್ಮ ನೃಪತುಂಗ ಹುಟ್ಟುವುದಕ್ಕೆ ಮೂರೂವರೆ ಶತಮಾನ ಮೊದಲು ನಾವು ಕಲ್ಲಿನ ಮೇಲೆ ಕೆತ್ತಿಟ್ಟಿದ್ದೆವು ಎಂದ. ಪುತ್ತೂರು ಶಾಂತವಾಗಿ ಕೇಳಿತು: "ಅದನ್ನು ಓದಿದ್ದು ಯಾರು ಮಾರಾಯ?" ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ, 1843. ಕಿಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894. ನೀವು ಮಾತಾಡಿದಿರಿ, ನಾವು ಅರ್ಥ ಬರೆದೆವು. ಕಿಟೆಲ್ ಧಾರವಾಡದಾಗೂ ಇದ್ದರು ಎಂಬ ಆಕ್ಷೇಪ ಅಡುಗೆಮನೆಯ ಆ ಮೂಲೆಯಿಂದ ಬಂದರೂ ಕುಕ್ಕರಿನ ಸೀಟಿಯಲ್ಲಿ ಅದು ದಾಖಲಾಗಲಿಲ್ಲ.

ಲೇಖಕನೂ ಕವಿ ಹರಿಹರನನ್ನು ಮುಂದೆ ತರಲು ನೋಡಿದ. ಅವನು ಹಂಪೆಯ ಹರಿಹರ, ನಿಮ್ಮೂರಿಗೂ ಅವನಿಗೂ ಹೆಸರಿನ ಸಂಬಂಧ ಅಷ್ಟೇ ಎಂದು ಯುಪಿಎಸ್‌ಸಿ ಅಭ್ಯರ್ಥಿ ಪುಸ್ತಕ ತೆಗೆಯದೆಯೇ ತಳ್ಳಿಹಾಕಿದ.

ನಿಷ್ಠೆಗಳು

ಬೇಂದ್ರೆ, ಕುವೆಂಪು, ಕಾರಂತರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಆ ಚರ್ಚೆ ನಡೆದ ರಾತ್ರಿ ಒಂದು ಗಾಜಿನ ಲೋಟ ಒಡೆದಿದೆ. ಪತ್ರಿಕೆಯ ವಿಷಯ ಸುಲಭ: ಫೋನಿನಲ್ಲಿ ಧಾರವಾಡ ಸಂಯುಕ್ತ ಕರ್ನಾಟಕ ತೆರೆಯುತ್ತದೆ, ಪುತ್ತೂರು ಉದಯವಾಣಿ, ಮಂಡ್ಯ ಪ್ರಜಾವಾಣಿ. ಕಲಬುರಗಿ ನೋಟ್ಸ್ ಬಿಟ್ಟು ಏನನ್ನೂ ಓದುವುದಿಲ್ಲ.

ನಿಷ್ಠೆಯ ನಿಜವಾದ ಪರೀಕ್ಷೆ ನಡೆದದ್ದು 2025ರ ಏಪ್ರಿಲ್ 10ರಂದು. ಚಿನ್ನಸ್ವಾಮಿ ಮೈದಾನದಲ್ಲಿ ಆರ್‌ಸಿಬಿ ವಿರುದ್ಧ ಡೆಲ್ಲಿ ಕ್ಯಾಪಿಟಲ್ಸ್ ಪರವಾಗಿ ಕೆ.ಎಲ್. ರಾಹುಲ್ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದಲ್ಲಿ ವೃತ್ತ ಎಳೆದು, ಇದು ನನ್ನ ಜಾಗ ಎಂದು ತೋರಿಸಿದರು. ಪುತ್ತೂರಿನವನ ಸ್ಥಿತಿ ಊಹಿಸಿ. ಬಾಡಿಗೆ ಕಟ್ಟುವುದು ದೆಹಲಿಗೆ, ಜೀವ ಇಟ್ಟಿರುವುದು ಆರ್‌ಸಿಬಿಯಲ್ಲಿ, ಹೊಡೆದವನು ಕರಾವಳಿಯಲ್ಲಿ ಬೆಳೆದ ಹುಡುಗ. ಅವನು ಚಪ್ಪಾಳೆ ತಟ್ಟಲು ಕೈ ಎತ್ತಿ, ಮಂಡ್ಯದ ಮುಖ ನೋಡಿ, ಆ ಕೈಯಿಂದ ತಲೆ ಕೆರೆದುಕೊಂಡ. ಆ ಸನ್ನೆ 'ಕಾಂತಾರ' ಸಿನಿಮಾದ್ದೆಂದು ರಾಹುಲ್ ಹೇಳಿದ ಮೇಲೆ, ಊಟಕ್ಕೆ ಬಂದಿದ್ದ ಕುಂದಾಪುರದ ಅತಿಥಿ ಎದ್ದು ಕುಳಿತ: "ಹ್ವಾಯ್, ಅದ್ ನಮ್ದ್ ಕಾಣಿ. ಮಂಗ್ಳೂರ್ ಬೇರೆ, ನಾವ್ ಬೇರೆ." ಕರಾವಳಿಯನ್ನು ಒಂದೇ ಮಾದರಿಯಾಗಿ ಪರಿಗಣಿಸಿದ್ದ ನಮ್ಮ ವಿಧಾನಕ್ಕೆ ಬಿದ್ದ ಪೆಟ್ಟು ಅದು. ಜೂನ್ 3ರಂದು ಆರ್‌ಸಿಬಿ ಹದಿನೆಂಟನೆಯ ಸೀಸನ್ನಿನಲ್ಲಿ ಕಪ್ಪು ಗೆದ್ದ ರಾತ್ರಿ ಮಾತ್ರ ಎಲ್ಲ ಪ್ರಾಂತಗಳೂ ಒಟ್ಟಾಗಿ ತಾರಸಿಗೆ ಓಡಿದವು. ಮಾಲೀಕರೂ ಹಿಂದೆಯೇ ಬಂದರು. ಮೋಟರು ಹಾಗೇ ಓಡುತ್ತಿತ್ತು.

ಮಂಡಕ್ಕಿ ಸಮಸ್ಯೆ

ಇಲ್ಲಿಯವರೆಗೆ ಲೇಖಕನ ತಕ್ಕಡಿ ಅಲುಗಲಿಲ್ಲ. ಅಷ್ಟರಲ್ಲಿ ಊರಿಂದ ತಾಯಿ ಕಳಿಸಿದ ಚೀಲದಲ್ಲಿ ದಾವಣಗೆರೆ ಭಟ್ಟಿಯ ಮಂಡಕ್ಕಿ ಬಂತು. ಧಾರವಾಡ ಅದನ್ನು ಚುರಮುರಿ ಎಂದಿತು. ಮಂಡ್ಯ ಕಡ್ಲೆಪುರಿ ಎಂದಿತು. ಪುತ್ತೂರು ಕ್ಯಾರೆಟ್ ತುರಿದು, ತೆಂಗಿನೆಣ್ಣೆ ಸುರಿದು ಚರ್ಮುರಿ ಮಾಡಿತು. ಕಲಬುರಗಿ ನೀರಲ್ಲಿ ನೆನೆಸಿ, ಹಿಂಡಿ, ಸುಸಲಾ ಮಾಡಲು ಹೊರಟಿತು. ಕೆಳಗಿನ ಅಂಗಡಿಯವನ ಪ್ರಕಾರ ಅದು ಮುರ್ಮುರಾ.

ವಸ್ತುನಿಷ್ಠವಾಗಿ ಹೇಳುವುದಾದರೆ ಅದು ಮಂಡಕ್ಕಿ. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಭಟ್ಟಿಗಳ ಸಾಲು ಇರುವ ಊರಿನವರು ಇಟ್ಟ ಹೆಸರೇ ಹೆಸರು. ನರ್ಗೀಸ್ ಮಂಡಕ್ಕಿ ತಿನ್ನದವರು, ಜೊತೆಗೆ ಮೆಣಸಿನಕಾಯಿ ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ತರಿಸಿಕೊಳ್ಳದವರು ಇದರ ಬಗ್ಗೆ ಮಾತಾಡಬಾರದು. ನೆನೆಸುವುದಂತೂ ಅಪರಾಧ. ಇದನ್ನು ಲೇಖಕನು ಸ್ವಲ್ಪ ಎತ್ತರದ ದನಿಯಲ್ಲಿ ಹೇಳಿದನೆಂದು ಎದುರುಮನೆಯವರ ಹೇಳಿಕೆ.

ತಜ್ಞರ ಪರಿಶೀಲನೆ

ವಿದ್ವತ್ ಪದ್ಧತಿಯಂತೆ ಪ್ರಬಂಧದ ಪ್ರತಿಯನ್ನು ನಾಲ್ವರು ತಜ್ಞರಿಗೆ ಕೊಡಲಾಯಿತು. ಬೇರೆ ತಜ್ಞರು ಸಿಗದ್ದರಿಂದ ಮಾದರಿಗಳೇ ತಜ್ಞರಾದರು. ಧಾರವಾಡ: "ನಾ 'ಒಗದಾಂವಾ' ಅಂದಿಲ್ಲಲೇ, 'ಹಾಕ್ದಾಂವಾ' ಅಂದಿದ್ದೆ." ಮಂಡ್ಯ: "ನಮ್ ಮಾತು ಬರ್ಯಕ್ಕೆ ನಿಂಗ್ ಬರಲ್ಲ ಕಣ್ಲಾ, ಬಿಟ್ಬುಡು." ಪುತ್ತೂರು: "ನನ್ನ ಕನ್ನಡ ಸರಿ ಉಂಟು. ಬೆಲ್ಲದ ಸಂಶಯ ಮಾತ್ರ ತೆಗೆ." ಕಲಬುರಗಿ: "ಮಳಖೇಡ ಸೇಡಂ ತಾಲ್ಲೂಕ ಅಂತ ಬರ್ದಿದ್ದು ಛಲೋ ಆತು. ಉಳದದ್ದು ನಾ ಓದಿಲ್ಲ."

ಹರಿಹರ ಯಾವ ಪ್ರಾಂತಕ್ಕೆ ಸೇರಬೇಕೆಂಬ ಪ್ರಶ್ನೆಗೆ ಮಾತ್ರ ತಜ್ಞರಲ್ಲಿ ಮೊದಲ ಬಾರಿಗೆ ಪೂರ್ಣ ಒಮ್ಮತ ಮೂಡಿತು: ತಮ್ಮದಕ್ಕಲ್ಲ. ಪ್ರತಿಯನ್ನು ತಿದ್ದಿ ಮತ್ತೆ ಸಲ್ಲಿಸಲು ಸೂಚಿಸಲಾಗಿದೆ. ಇನ್ನೊಂದು ಹಿಡಿ ಮಂಡಕ್ಕಿಗೆಂದು ತಜ್ಞರು ಲೇಖಕನ ಚೀಲಕ್ಕೆ ಕೈ ಹಾಕಿದಾಗ ತಳದಲ್ಲಿ ಒಂದು ಅಚ್ಚುಬೆಲ್ಲ ಸಿಕ್ಕಿತು. ಒಂದು ಮೂಲೆ ಮುರಿದಿತ್ತು. ಸುತ್ತಿದ್ದ ಕಾಗದದ ಒಳಪದರ ಪ್ರಜಾವಾಣಿ, ಹೊರಪದರ ಸಂಯುಕ್ತ ಕರ್ನಾಟಕ.