ಮೂವರ ಸಹಿ, ಒಂದೇ ರ‍್ಯಾಂಪ್

ಪುಣೆ ಪಕ್ಕದ ಭೋಸರಿಯಲ್ಲಿ ಅಳತೆಗೆ ಬರವಿಲ್ಲ. ಬಸ್ಸುಗಳನ್ನು ಪರೀಕ್ಷಿಸುವ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಇರುವುದೇ ಇಲ್ಲಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಂತೂ ಪೀಸಿನ ಜೊತೆಗೆ ಅದನ್ನು ಅಳೆಯುವ ಗೇಜಿಗೂ ಪರೀಕ್ಷೆ. ಅದರ ಹೆಸರು 'ಗೇಜ್ ಆರ್ ಅಂಡ್ ಆರ್': ಹತ್ತು ಪೀಸು, ಮೂವರು ಆಪರೇಟರು, ಪ್ರತಿಯೊಬ್ಬರೂ ಎರಡು-ಮೂರು ಸಲ ಅಳೆಯಬೇಕು. ಏರುಪೇರು ಶೇ. 10ರೊಳಗಿದ್ದರೆ ಗೇಜು ಪಾಸು, ಶೇ. 30 ದಾಟಿದರೆ ಮೂಲೆಗೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಮೈಕ್ರೋಮೀಟರ್ ಹಿಡಿದ ನಮ್ಮ ಹುಡುಗರಿಗೆ ಇದು ಬಾಯಿಪಾಠ.

ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಆರ್. ಲೀ ಕರ್ಬಿ ಮತ್ತು ಸಂಗಡಿಗರು ಗಾಲಿಕುರ್ಚಿ ನಡೆಸುವವರ ಕೌಶಲಕ್ಕೂ ಇಂಥದೇ ಒರೆಗಲ್ಲು ಹಿಡಿದರು. 5 ಡಿಗ್ರಿ ಏರು, 10 ಡಿಗ್ರಿ ಏರು, 15 ಸೆಂ.ಮೀ. ಕಟ್ಟೆ, ಮುಂಗಾಲಿ ಎತ್ತಿ 30 ಸೆಕೆಂಡು ತೂಕ ಹಿಡಿಯುವುದು, ಎಲ್ಲಕ್ಕೂ ಅಂಕ. 2004ರ ಅವರ ಅಧ್ಯಯನದಲ್ಲಿ ಪರೀಕ್ಷಕರ ನಡುವಿನ ಹೊಂದಾಣಿಕೆ 0.968. ಪೂರ್ಣ ಒಮ್ಮತವೆಂದರೆ 1.

ಪಾಪ, ಅಷ್ಟು ದುಡಿದೂ 1 ಮುಟ್ಟಲಿಲ್ಲ! ನಮ್ಮವರು ಕೂತಲ್ಲೇ ಮುಟ್ಟುತ್ತಾರೆ. ಕಚೇರಿಯ ಬಾಗಿಲಿಗೆ ಗಾಲಿಕುರ್ಚಿ ಏರಲು 'ರ‍್ಯಾಂಪ್ ಇದೆ' ಎಂದು ಗುತ್ತಿಗೆದಾರ ಬರೆದ. 'ಇದೆ' ಎಂದ ಇಂಜಿನಿಯರ್. 'ಇದೆ' ಎಂದರು ಮೇಲಿನ ಸಾಹೇಬರು. ಮೂವರಲ್ಲಿ ಒಬ್ಬರೂ ಅದನ್ನು ಹತ್ತಿಲ್ಲದಿರುವುದೇ ಈ ಒಗ್ಗಟ್ಟಿನ ಗುಟ್ಟು. ಸೊನ್ನೆಯಲ್ಲೇ ತಪ್ಪಿರುವ ವರ್ನಿಯರ್ ಮೂವರ ಕೈಗೂ ಒಂದೇ ಲೆಕ್ಕ ಕೊಡುತ್ತದೆ ಎಂಬುದು ಶೆಡ್ಡಿನ ಹೆಲ್ಪರನಿಗೂ ಗೊತ್ತು.

ನಿಯಮ 1:12, ಅಂದರೆ ಒಂದಡಿ ಏರಿಗೆ ಹನ್ನೆರಡಡಿ ಉದ್ದ. ಅರ್ಧರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ ಉದ್ದದ ರ‍್ಯಾಂಪ್ ಬೇಕು. ನಮ್ಮ ಮೇಸ್ತ್ರಿ ಅದನ್ನು ನಾಲ್ಕೇ ಅಡಿಯಲ್ಲಿ ಮುಗಿಸಿ, ಮೇಲೆ ನುಣ್ಣನೆ ಟೈಲ್ಸ್ ಅಂಟಿಸಿ, ತುದಿಯಲ್ಲಿ ಹೂಕುಂಡ ಇಡುತ್ತಾನೆ. ಲೆಕ್ಕ ಹಾಕಿದರೆ ಸುಮಾರು 20 ಡಿಗ್ರಿ. ಕರ್ಬಿಯವರ 10 ಡಿಗ್ರಿ ಏರಿದವನೂ ಇಲ್ಲಿ ನಪಾಸು.

ಇನ್ನು ಗಾಲಿಕುರ್ಚಿ ಕೌಶಲದ ಮರುಪರೀಕ್ಷೆ. ಅದೇ ಮನುಷ್ಯ, ಅದೇ ಕುರ್ಚಿ, ಅದೇ ರಸ್ತೆ ಇರಬೇಕೆಂಬುದು ಅದರ ಷರತ್ತು. ಮನುಷ್ಯ ಬದಲಾಗುವುದಿಲ್ಲ, ಕುರ್ಚಿಯೂ ಅದೇ. ರಸ್ತೆಯನ್ನು ಮಾತ್ರ ಈ ವಾರ ನಲ್ಲಿಯವರು ಅಗೆದರೆ ಮುಂದಿನ ವಾರ ಕೇಬಲ್‌ನವರು ಅಗೆಯುತ್ತಾರೆ. ಕಡಿಮೆಯಾದ ಅಂಕ ಯಾರ ಖಾತೆಗೆ? ಕುರ್ಚಿ ನಡೆಸುವವನ ತೋಳಿನ ಖಾತೆಗೆ!

ಆದ್ದರಿಂದ ಒಂದು ಅಗ್ಗದ ಸಲಹೆ. ರ‍್ಯಾಂಪಿಗೂ ಆರ್ ಅಂಡ್ ಆರ್ ಆಗಲಿ: ಮೂವರು ಅಧಿಕಾರಿಗಳು, ಒಂದು ಗಾಲಿಕುರ್ಚಿ, ಪ್ರತಿಯೊಬ್ಬರಿಗೂ ಮೂರು ಸಲ, ಹಿಂದಿನಿಂದ ತಳ್ಳಲು ಜವಾನ ಇರಕೂಡದು. ಸಹಿ ಮಾಡುವ ಫೈಲು ಮೇಲಿನ ತುದಿಯಲ್ಲಿರಲಿ. ಆಗಲೂ ಮೂವರ ಅಭಿಪ್ರಾಯ ಒಂದೇ ಇರುತ್ತದೆ. ಫೈಲು ಮಾತ್ರ ಸಹಿಯಿಲ್ಲದೆ ಉಳಿಯುತ್ತದೆ.