ನಾಲ್ಕು ಹಲ್ಲಿನ ಸೀರೀಸು

ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಊಟ, ಎಂಟೂವರೆಗೆ ಟಿವಿ. ಒಂಬತ್ತೂವರೆಯ ತನಕ ಏನು ನೋಡಬೇಕೆಂಬ ಚರ್ಚೆ. ಹತ್ತಕ್ಕೆ ನಿದ್ದೆ. ಹಾಗಾದರೆ ನೋಡುವುದಕ್ಕೆ ಅರ್ಧ ತಾಸಾದರೂ ಉಳಿಯಿತಲ್ಲ ಎಂದು ನೀವು ಲೆಕ್ಕ ಹಾಕಬಹುದು. ಆ ಅರ್ಧ ತಾಸು, ‘ಇದಲ್ಲ, ಇದರ ಬಾಜೂಕ ಒಂದಿತ್ತಲ್ಲ, ಅದು’ ಎಂದು ನನ್ನ ಮಗ ಹಿಂದಕ್ಕೆ ಹೋಗಿ ಹುಡುಕುವುದಕ್ಕೆ ಬೇಕು.

ಕುಂದಗೋಳ ತಾಲೂಕಿನ ಕುಬಿಹಾಳ ನಮ್ಮೂರು. ಎರೆ ಭೂಮಿ, ಹತ್ತಿ, ಕಡಲೆ, ಬ್ಯಾಡಗಿ ಮೆಣಸಿನಕಾಯಿ. ಮೆಣಸಿನಕಾಯಿ ಮನೆಗೆ ಬಂದ ದಿನಗಳಲ್ಲಿ ಪಡಸಾಲೆಯ ಅರ್ಧಭಾಗ ಕೆಂಪು ರಾಶಿ, ಉಳಿದರ್ಧದಲ್ಲಿ ನಾವು. ಅವ್ವ, ನನ್ನ ಹೆಂಡತಿ, ಮಗಳು ತೊಟ್ಟು ಮುರಿಯುತ್ತ ಕೂಡುತ್ತಾರೆ. ಕೈಗೆ ಘಾಟು ಹತ್ತಿರುವುದರಿಂದ ರಿಮೋಟನ್ನು ಅವರು ಮುಟ್ಟುವ ಹಾಗಿಲ್ಲ. ಹೀಗಾಗಿ ಅದು ಯಾವ ಕೆಲಸವನ್ನೂ ಮಾಡದ ಇಬ್ಬರ ಕೈಯಲ್ಲಿ ಇರುತ್ತದೆ. ಒಬ್ಬ ನನ್ನ ಮಗ. ಇನ್ನೊಬ್ಬನ ಹೆಸರು ಹೇಳುವುದು ಬೇಡ, ಈ ಪ್ರಬಂಧ ಬರೆಯುತ್ತಿರುವವನೇ ಅವನು.

ಒಂದು ಕಾಲಕ್ಕೆ ಈ ತ್ರಾಸು ಇರಲಿಲ್ಲ. 1987ರಲ್ಲಿ ರಾಮಾಯಣ ಬಂದಾಗ ಆರಿಸುವ ಮಾತೇ ಇರಲಿಲ್ಲ. ಭಾನುವಾರ ಮುಂಜಾನೆ ಟಿವಿ ಇದ್ದವರ ಮನೆಗೆ ಹೋಗಿ, ಮುಂದೆ ಕೂತವನ ತಲೆಯ ಪಕ್ಕದಿಂದ ಎಷ್ಟು ರಾಮ ಕಾಣುತ್ತಾನೋ ಅಷ್ಟು ನೋಡಿ ಬರುವುದು. ಆಮೇಲೆ ಈಟಿವಿ ಕನ್ನಡದಲ್ಲಿ ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಬಂತು. ಟಿವಿಯಲ್ಲಿ ಮೊದಲ ಸಲ ನಮ್ಮ ಕಡೆಯ ಮಾತು ಕೇಳಿ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ‘ಯಾರೋ ಬಂದ್ರು ಅನಕೊಂಡೆ’ ಅಂದಳು. ಪಾತ್ರಗಳು ಹೊರಗೆ ಬಂದು ನೀರು ಕೇಳಿದ್ದರೂ ಕೊಡುತ್ತಿದ್ದಳೇನೋ. ಅಂಥ ಸೀರಿಯಲ್ಲು ಇನ್ನೊಂದು ಐತೇನ್ ನೋಡು ಎಂದು ಇವತ್ತಿಗೂ ಮೊಮ್ಮಗನಿಗೆ ಹೇಳುತ್ತಾಳೆ. ಅವನು ಹುಡುಕುತ್ತಾನೆ. ಕೊರಿಯಾದ್ದು ಸಿಗುತ್ತದೆ, ಸ್ಪೇನಿನದು ಸಿಗುತ್ತದೆ, ಧಾರವಾಡದ್ದು ಸಿಗುವುದಿಲ್ಲ.

ಬಾಜೂಮನೆಯ ಕಾಕಾ ಬರಲು ಶುರು ಮಾಡಿದ ಮೇಲೆ ನಮ್ಮ ಆಯ್ಕೆಗೆ ಒಂದು ಶಾಸ್ತ್ರ ಬಂತು. ಕಾಕಾ ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಈಗ ಹೊಲಕ್ಕೆಲ್ಲ ಟ್ರ್ಯಾಕ್ಟರು ಬಂದು ಅವರ ವಿದ್ಯೆಗೆ ಗಿರಾಕಿ ಇಲ್ಲ. ಅದನ್ನೆಲ್ಲ ಅವರು ನಮ್ಮ ಟಿವಿಯ ಮೇಲೆ ಇಳಿಸಿದರು.

ಮೊದಲ ದಿನ ಮಗ ‘ಗೇಮ್ ಆಫ್ ಥ್ರೋನ್ಸ್’ ಹಚ್ಚೋಣ ಅಂದ. ಕಾಕಾ ಟವೆಲ್ಲು ಹಾಸಿಕೊಂಡು ಕೂತು, ‘ಎಷ್ಟು ಸೀಸನ್?’ ಅಂದರು.

‘ಎಂಟು.’

‘ಬಾಯಿಗೂಡೇತಿ. ಬ್ಯಾಡ.’

ದನಕ್ಕೆ ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ಹೊಸ ಹಲ್ಲು ಬರುತ್ತವೆ. ಎರಡಲ್ಲು, ನಾಲ್ಕಲ್ಲು, ಆರಲ್ಲು. ಎಂಟೂ ಬಂದರೆ ಬಾಯಿಗೂಡಿತು. ಅಲ್ಲಿಂದ ಮುಂದೆ ವಯಸ್ಸು ಎಷ್ಟೆಂದು ಮಾರುವವನು ಹೇಳಿದ್ದೇ ಸತ್ಯ. ಮಗ ಬಿಡಲಿಲ್ಲ. ಜಗತ್ತೆಲ್ಲ ನೋಡಿದೆ, 73 ಎಪಿಸೋಡು ಇದೆ ಎಂದೆಲ್ಲ ವಾದಿಸಿದ. ‘ಕಡೀಕ ಹೆಂಗಂತ?’ ಎಂದು ಕಾಕಾ ಕೇಳಿದರು. ಕೊನೆಯ ಸೀಸನ್ ಬಹಳ ಮಂದಿಗೆ ಸೇರಲಿಲ್ಲ ಎಂದು ಮಗ ಒಪ್ಪಿಕೊಳ್ಳಲೇಬೇಕಾಯಿತು. ‘ಅದ ನಾ ಹೇಳಿದ್ದು. ಬಾಯಿಗೂಡಿದ ಮ್ಯಾಲೆ ಕುಂಟತೈತಿ.’

‘ಮನಿ ಹೈಸ್ಟ್’ಗೆ ಐದು ಭಾಗ ಎಂದು ತಿಳಿದಾಗಂತೂ ಕಾಕಾಗೆ ಸಿಟ್ಟೇ ಬಂತು. ‘ಐದು ಹಲ್ಲಿನ ಎತ್ತು ಎಲ್ಲೈತೋ? ಒಂದು ಮುರದೈತಿ. ಇವ ಮುಚ್ಚಿಡಾಕತ್ತಾನ.’ ಆದರೂ ಮಗಳ ಹಟಕ್ಕೆ ಅದನ್ನು ಹಚ್ಚಿದೆವು. ಮಾತು ಸ್ಪೇನಿನದು, ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು. ಅವ್ವಗಾಗಿ ಮಗಳು ಅದನ್ನು ಆಗಿಂದಾಗಲೇ ಕನ್ನಡಕ್ಕೆ ಇಳಿಸತೊಡಗಿದಳು. ದರೋಡೆಯ ಸೂತ್ರಧಾರ, ಆ ಕನ್ನಡಕದ ಪ್ರೊಫೆಸರ್, ‘ನೋಡ್ರಿಪಾ, ಒಬ್ಬರ ಹೆಸರು ಒಬ್ಬರಿಗೆ ಗೊತ್ತಾಗಬಾರ್ದು, ಊರಿನ ಹೆಸರಲೇ ಕರಕೊಳ್ರಿ’ ಎಂದ. ಟೋಕಿಯೋ, ಬರ್ಲಿನ್, ನೈರೋಬಿ ಎಂದು ಅವರು ಒಬ್ಬರನ್ನೊಬ್ಬರು ಕರೆಯುವುದು ಅವ್ವಗೆ ವಿಶೇಷವೆನಿಸಲಿಲ್ಲ. ‘ಅದ್ರಾಗೇನೈತಿ? ನಿಮ್ಮಪ್ಪನ ಅತ್ತಿಯರನ್ನ ಯರಗುಪ್ಪಿಯಾಕಿ, ಸಂಶಿಯಾಕಿ ಅಂತನ ಕರೀತಿದ್ವಿ’ ಅಂದಳು. ಆಮೇಲೆ ನೋಟು ಅಚ್ಚು ಹಾಕುವ ಮನೆಯನ್ನೇ ಅವರು ಹೊಕ್ಕರು. ನಮ್ಮ ಮೈಸೂರಿನಲ್ಲೂ ಅಂಥದೊಂದು ಛಾಪಖಾನೆ ಇದೆ ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರೂ ಕಿವಿಗೊಡಲಿಲ್ಲ. ಅವ್ವನ ಚಿಂತೆಯೇ ಬೇರೆ ಇತ್ತು: ‘ಅಷ್ಟು ಮಂದಿನ ದಿನಗಟ್ಟಲೆ ಒಳಗ ಹಿಡಕೊಂಡು ಕುಂತಾರ. ಅಡಿಗಿ ಯಾರು ಮಾಡಾಕತ್ತಾರ?’ ನಾಲ್ಕು ಎಪಿಸೋಡಾದರೂ ಒಂದು ಒಲೆ ಕಾಣಿಸಲಿಲ್ಲವೆಂದು ಅವಳು ಆ ಸೀರೀಸನ್ನು ಬಿಟ್ಟಳು. ಎಲ್ಲಕ್ಕೂ ಅವಳ ಪರೀಕ್ಷೆ ಅದೊಂದೇ. ನನಗಂತೂ ಪತ್ರಿಕೆಗಳ ವಿಮರ್ಶೆಗಿಂತ ಇದೇ ನಂಬಿಗಸ್ತ ಅನಿಸಿದೆ; ಅಡಿಗೆಮನೆಯನ್ನು ಮರೆತ ಕಥೆ ಇನ್ನೂ ಏನೇನು ಮರೆತಿರುತ್ತದೋ.

‘ಚೆರ್ನೋಬಿಲ್’ ಐದೇ ಎಪಿಸೋಡು, ಒಂದೇ ಸೀಸನ್. ಹಾಲುಹಲ್ಲು, ಇನ್ನೂ ಕರು, ಹೂಡಾಕ ಬರಂಗಿಲ್ಲ ಎಂದು ಕಾಕಾ ಅದನ್ನೂ ತಳ್ಳಿದರು. ಅವರ ಶಾಸ್ತ್ರದಲ್ಲಿ ಕಲೆಗಿಂತ ದುಡಿಮೆ ಮುಖ್ಯ.

ಇನ್ನು ಕನ್ನಡದ್ದೇ ಬೇಕೆಂದರೆ ಸಂತೆ ಬರಿದೋ ಬರಿದು. ರಾಜ್ ಬಿ. ಶೆಟ್ಟಿ, ಪ್ರಕಾಶ್ ರಾಜ್ ಇರುವ ‘ಏಕಂ’ ಬಗ್ಗೆ ನಾನು ಹೇಳಿದೆ. ಅದನ್ನು ಕೊಳ್ಳಲು ಯಾವ ಓಟಿಟಿಯೂ ಮುಂದೆ ಬರಲಿಲ್ಲವಂತೆ, ಕಡೆಗೆ 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿಯವರ ಬಳಗ ತಮ್ಮದೇ ಒಂದು ಜಾಲತಾಣ ಮಾಡಿ ತೋರಿಸಿತು ಎಂದೆ. ಕಾಕಾಗೆ ತಟ್ಟನೆ ತಿಳಿಯಿತು. ‘ಸಂತ್ಯಾಗ ಗಿರಾಕಿ ಸಿಗಲಿಲ್ಲ, ಮನಿ ಮುಂದ ಕಟ್ಟಿ ಮಾರಿದ್ರು. ಖರೇ ಹೇಳಬೇಕಂದ್ರ ಛಲೋ ಎತ್ತು ಎಷ್ಟೋ ಸಲ ಹಂಗ ಮಾರ್ತಾವು.’

ಮರುವರ್ಷ ಜೀ5ರಲ್ಲಿ ‘ಅಯ್ಯನ ಮನೆ’ ಬಂತು. ಹೆಸರು ಕೇಳಿ ಅವ್ವ ಸೆರಗು ಸರಿಮಾಡಿಕೊಂಡು ಕೂತಳು. ನಮ್ಮ ಕಡೆ ಅಯ್ಯನವರ ಮನೆ ಎಂದರೆ ವಿಭೂತಿ, ಪಾದಪೂಜೆ, ಪುರಾಣ. ಇಲ್ಲಿ ನೋಡಿದರೆ ಚಿಕ್ಕಮಗಳೂರು ಸೀಮೆಯ ಒಂದು ಮನೆತನ, ಸೊಸೆಯಂದಿರ ಸಾವು, ಹೊಸ ಸೊಸೆ, ಭಯ. ಎಲ್ಲರೂ ಉಸಿರು ಹಿಡಿದು ನೋಡುವಾಗ ಅವ್ವ, ‘ಇಷ್ಟು ಮಂದಿ ಸತ್ತ ಮನಿಗೆ ಮತ್ತೊಂದು ಹೆಣ್ಣು ಕೊಟ್ಟಾರಲ್ಲ, ಬೀಗರು ಯಾರನ್ನೂ ವಿಚಾರಸಲಿಲ್ಲೇನ?’ ಅಂದಳು. ಆ ಪ್ರಶ್ನೆಯ ಮುಂದೆ ಯಾವ ದೆವ್ವವೂ ನಿಲ್ಲಲಾರದು. ಆದರೆ ಅವಳು ಕಡೆಯ ತನಕ ನೋಡಿದಳು, ನಾಳೆಗೆ ಇಡೋಣವೆಂದರೂ ಕೇಳಲಿಲ್ಲ. ‘ದಿನಕ್ಕೊಂದ ನೋಡಬೇಕು, ಪುರಾಣದಂಗ’ ಎಂದು ಮೊಮ್ಮಗನಿಗೆ ಬುದ್ಧಿ ಹೇಳುವವಳೂ ಅವಳೇ. ಕೇಳಿದರೆ, ‘ನಾವು ದೊಡ್ಡಾಟ ಬೆಳ್ಳಂಬೆಳತನ ನೋಡಿದವರು. ಕುಂದಗೋಳದ ನಾಡಗೇರ ವಾಡೆದಾಗ ಸವಾಯಿ ಗಂಧರ್ವರ ಪುಣ್ಯತಿಥಿಗೆ ಮಂದಿ ರಾತ್ರಿಯೆಲ್ಲ ಕುಂತು ಗಾಯನ ಕೇಳ್ತಾರ. ನಿಮ್ಮದೇನ್ ದೊಡ್ಡ ಸೀರೀಸು’ ಅನ್ನುತ್ತಾಳೆ.

ಆ್ಯಪುಗಳ ವ್ಯವಹಾರವೂ ಕಾಕಾಗೆ ಹೊಸದೇನಲ್ಲ. ಒಂದರಲ್ಲಿ ಪ್ರತಿ ಸೀರೀಸಿನ ಕೆಳಗೆ ‘ನಿಮಗೆ ಶೇಕಡಾ 97 ಹೊಂದುತ್ತದೆ’ ಎಂಬಂತೆ ಬರುತ್ತಿತ್ತು. ‘ಮಾರವ ಎಂದರ ನನ್ನೆತ್ತು ಹಾಯತೈತಿ ಅಂದಾನೇನ?’ ಎಂದು ನಕ್ಕರು. ವೂಟ್ ಇದ್ದದ್ದು ಜಿಯೋಸಿನಿಮಾದಲ್ಲಿ ಕರಗಿ, ಅದು 2025ರ ಫೆಬ್ರುವರಿಯಲ್ಲಿ ಹಾಟ್‌ಸ್ಟಾರ್ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆದಾಗ ಮನೆಯಲ್ಲಿ ನಾವೆಲ್ಲ ಗಲಿಬಿಲಿಯಾದೆವು. ಕಾಕಾ ಆಗಲಿಲ್ಲ. ‘ಕೊಳ್ಳಗಂಟಿ ಬದಲಿ ಮಾಡ್ಯಾರ, ಎತ್ತು ಅದ.’ ನೆಟ್‌ವರ್ಕ್ ಸಿಕ್ಕದೆ ಪರದೆಯ ನಡುವೆ ಚಕ್ರ ತಿರುಗುವುದಂತೂ ಅವರಿಗೆ ಬಲು ಇಷ್ಟ. ಗಾಣಕ್ಕೆ ಕಟ್ಟಿದ್ದು ಎನ್ನುತ್ತಾರೆ.

ಕಡೆಗೆ ಅವರ ಪರೀಕ್ಷೆ ಗೆದ್ದದ್ದು ‘ಪಂಚಾಯತ್’. ಪ್ರೈಮ್‌ನಲ್ಲಿ 2020ರಲ್ಲಿ ಶುರುವಾಗಿ 2025ಕ್ಕೆ ನಾಲ್ಕು ಸೀಸನ್. ‘ನಾಲ್ಕಲ್ಲು! ಹೂಡ್ರಿ!’ ಎಂದರು ಕಾಕಾ. ಹಿಂದಿಯದು. ಪಟ್ಟಣದ ಹುಡುಗನೊಬ್ಬ ಉತ್ತರಪ್ರದೇಶದ ಫುಲೇರಾ ಎಂಬ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಚುನಾವಣೆಯಲ್ಲಿ ಗೆದ್ದವಳು ಹೆಂಡತಿ, ಪ್ರಧಾನಿಕೆ ನಡೆಸುವವನು ಗಂಡ. ಇದನ್ನು ನಮಗೆ ಕನ್ನಡಕ್ಕೆ ಇಳಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕರೆಂಟು, ಕುರ್ಚಿ, ಸೋರೆಕಾಯಿ ಇವೇ ಅಲ್ಲಿನ ಮಹಾ ಘಟನೆಗಳು. ಬಂದವರ ಕೈಗೆ ಪ್ರಧಾನರು ಸೋರೆಕಾಯಿ ಕೊಟ್ಟು ಕಳಿಸುವುದನ್ನು ಕಂಡು ಅವ್ವ, ‘ಇದು ಮನಿತನ’ ಅಂದಳು. ಒಲೆಯೂ ಕಂಡಿತು.

ಆದರೆ ಮಗನಿಗೆ ಅದು ಬೇಡವಾಗಿತ್ತು. ‘ಹೊರಗ ಬಂದ್ರ ಇದ ಕಾಣ್ತೈತಿ, ಒಳಗೂ ಇದನ ನೋಡೂದೇನ?’ ಅಂದ. ಮಾತು ಬೆಳೆಯಿತು. ಕಾಕಾ ಎದ್ದು, ಹೆಗಲ ಟವೆಲ್ಲು ತೆಗೆದು ರಿಮೋಟಿನ ಮೇಲೆ ಹೊದಿಸಿದರು. ಸಂತೆಯಲ್ಲಿ ದರ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ದಲಾಲಿಯ ಕೈ ಹಿಡಿದು ಬೆರಳಿನಲ್ಲೇ ಮುಗಿಸುತ್ತಾರೆ. ಒಂದು ಕಡೆ ಅವ್ವನ ಕೈ, ಇನ್ನೊಂದು ಕಡೆ ಮಗನ ಕೈ, ನಡುವೆ ಕಾಕಾ. ಟವೆಲ್ಲು ಅಲುಗಿತು. ಮಗ ತಲೆ ಅಲ್ಲಾಡಿಸಿದ. ಮತ್ತೆ ಅಲುಗಿತು. ‘ಆತು’ ಎಂದು ಕಾಕಾ ಟವೆಲ್ಲು ಝಾಡಿಸಿದರು. ವಾರಕ್ಕೆ ನಾಲ್ಕು ದಿನ ಅವ್ವಗೆ, ಮೂರು ದಿನ ಅವನಿಗೆ. ಮಗನ ಕಣ್ಣಿನಲ್ಲಿ ನೀರು ಬಂತು. ಸೋಲಿಗಲ್ಲ, ಅವ್ವನ ಕೈಯ ಮೆಣಸಿನಕಾಯಿ ಘಾಟು ಅವನ ಕೈಗೆ ಹತ್ತಿ, ಆ ಕೈಯನ್ನು ಅವನು ಕಣ್ಣಿಗೆ ಒತ್ತಿಕೊಂಡಿದ್ದ. ನನಗೆಷ್ಟು ದಿನ ಎಂದು ಯಾರೂ ಕೇಳಲಿಲ್ಲ.

ನಡುವೆ ಕಾಕಾ ಮಗಳ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಬಂದವರೇ, ‘ಯಕ್ಕಾ, ಎಲ್ಲೀತನಕ ಬಂತು?’ ಎಂದು ವಿಚಾರಿಸಿದರು. ಯಾವ ಕಥೆಯ ಬಗ್ಗೆ ಕೇಳುತ್ತಿದ್ದಾರೆಂದು ನಾನು ಯೋಚಿಸುವಷ್ಟರಲ್ಲಿ ಅವ್ವ ಹೇಳತೊಡಗಿದ್ದಳು: ‘ಸೋಮಾರ ಇಂವ ಕೊರಿಯಾದ್ದು ಹಚ್ಚೂಣು ಅಂದ, ಸೊಸಿ ಬ್ಯಾಡಂದ್ಲು. ಮಂಗಳಾರ ಪಾಸ್‌ವರ್ಡ್ ಮರತಿದ್ರು. ನಿನ್ನೆ ಹತ್ತು ನೋಡಿದ್ರು, ಒಂದೂ ಪಸಂದ ಬೀಳಲಿಲ್ಲ.’ ಕಾಕಾ ‘ಹೌದಾ, ಸೊಸಿ ಬ್ಯಾಡಂದ್ಲಾ’ ಎಂದು ಬಾಯಿಮೇಲೆ ಬೆರಳಿಟ್ಟು ಕೇಳಿದರು.

ಮೊನ್ನೆ ಗುರುವಾರ ಮಗ ಶಾಲೆಯಿಂದ ಬರುವಾಗಲೇ ನಿಶ್ಚಯ ಮಾಡಿಕೊಂಡು ಬಂದಿದ್ದ. ಎಂಟೂವರೆಗೆ ಟಿವಿ ಹಚ್ಚಿದ, ಒಂದೇ ಸಲ ಗುಂಡಿ ಒತ್ತಿದ, ಸೀರೀಸು ಶುರುವಾಯಿತು. ಯಾಕೋ ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಸುಮ್ಮನೆ ನೋಡುತ್ತ ಕೂತೆವು. ಕಾಕಾ ಬಂದರು, ಟವೆಲ್ಲು ಹಾಸಿದರು, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಹತ್ತು ನಿಮಿಷ ಕಾದು, ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡರು.

‘ಇವತ್ತ ನಿಮ್ಮ ಮನ್ಯಾಗ ಏನೂ ಇಲ್ಲಂತ ಕಾಣತೈತಿ, ತಮ್ಮಾ. ನಾಳೆ ಬರ್ತೀನಿ.’