ತಪ್ಪಿದಲ್ಲಿ ಮುಖ್ಯಗುರುಗಳೇ ನೇರ ಹೊಣೆ

ತುಂಗಭದ್ರಾ ಎಡದಂಡೆ ನಾಲೆಯ ಕೊನೇ ಭಾಗದ ರೈತರನ್ನು ಕೇಳಿ ನೋಡಿ. ಮೇಲಿನವರ ಗದ್ದೆಗಳನ್ನು ದಾಟಿ ನೀರು ತಮ್ಮ ತನಕ ಬಂದ ದಿನಗಳನ್ನು ಬೆರಳು ಮಡಿಚಿ ಲೆಕ್ಕ ಹೇಳುತ್ತಾರೆ. ಅದೇ ಊರಿನ ಸರ್ಕಾರಿ ಸಾಲಿಗೆ ಬೆಂಗಳೂರಿನಲ್ಲಿ ಬಿಟ್ಟ ಸುತ್ತೋಲೆ ಮಾತ್ರ ಒಂದು ಹನಿಯೂ ಇಂಗದೆ ಬಂದು ಮುಟ್ಟುತ್ತದೆ. ಶಿಕ್ಷಣ ಇಲಾಖೆಯ ಆಯುಕ್ತರಿಂದ ಕಲಬುರಗಿಯ ಅಪರ ಆಯುಕ್ತರಿಗೆ, ಅಲ್ಲಿಂದ ರಾಯಚೂರಿನ ಉಪನಿರ್ದೇಶಕರಿಗೆ, ಅಲ್ಲಿಂದ ಸಿಂಧನೂರಿನ ಬಿಇಒಗೆ, ಸಿಆರ್‌ಪಿಗೆ, ಕೊನೆಗೆ ವಾಟ್ಸಾಪ್ ಗುಂಪಿಗೆ. ದಾರಿಯ ತೂಬುಗಳಲ್ಲಿ ಸೋರುವುದು ಒಂದೇ, ಗಡುವು. ಮೇಲೆ ಹದಿನೈದು ದಿನ ಇದ್ದದ್ದು ಕೆಳಗೆ ಬರುವಷ್ಟರಲ್ಲಿ ‘ಇಂದೇ ಸಂಜೆ 4ರೊಳಗೆ’ ಆಗಿರುತ್ತದೆ. ಕೊನೆಯ ಸಾಲು ಮಾತ್ರ ಎಲ್ಲಿಯೂ ಬದಲಾಗುವುದಿಲ್ಲ: ತಪ್ಪಿದಲ್ಲಿ ಸಂಬಂಧಪಟ್ಟ ಮುಖ್ಯಗುರುಗಳನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಸರಪಳಿ ಕಡಿದುಕೊಂಡು ಹೊಳೆ ಪಾಲಾಯಿತು. ಯಾರ ಹೊಣೆ ಎಂಬ ಬಗ್ಗೆ ಎಷ್ಟೋ ದಿನ ಗಂಭೀರ ಚರ್ಚೆಗಳಾದವು. ಅದೇನಾದರೂ ಸಾಲಿಯ ಗೇಟಾಗಿದ್ದರೆ ಚರ್ಚೆಗೆ ಆಸ್ಪದವೇ ಇರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅಮಾನತು ಆದೇಶ ಬಂದಿರುತ್ತಿತ್ತು.

ಅಮೆರಿಕದ ಸರ್ಕಾರಿ ಶಾಲೆಗಳ ಲೆಕ್ಕಪತ್ರ, ಖರೀದಿ, ಕಾನೂನು ಪಾಲನೆ ನೋಡಿಕೊಳ್ಳಲು ‘ಸ್ಕೂಲ್ ಬಿಸಿನೆಸ್ ಅಡ್ಮಿನಿಸ್ಟ್ರೇಟರ್’ ಎಂಬ ಹುದ್ದೆ ಇದೆ. ಅದಕ್ಕೆ ಓದಬೇಕು, ಪರೀಕ್ಷೆ ಪಾಸಾಗಬೇಕು, ಸಂಬಳವೂ ಬೇರೆ. ನಮ್ಮ ಕಡೆ ಆ ಹುದ್ದೆ ಇಲ್ಲ ಎಂದು ಯಾರೂ ತಿಳಿಯಬಾರದು. ಇದೆ. ಸುಣ್ಣದ ಕಡ್ಡಿ ಹಿಡಿದ ಕೈಗೇ ಅದನ್ನೂ ಕೊಟ್ಟಿದ್ದೇವೆ, ಅಷ್ಟೇ. ದಢೇಸುಗೂರಿನ ಆಸುಪಾಸಿನ ಒಂದು ಹಿರಿಯ ಪ್ರಾಥಮಿಕ ಸಾಲಿಯಲ್ಲಿ ಅಂಥ ಮಾಸ್ತರೊಬ್ಬರಿದ್ದಾರೆ. ಮಕ್ಕಳು 96, ಶಿಕ್ಷಕರು ಇವರೂ ಸೇರಿ ಮೂವರು. ಊರಿನ ಹೆಸರು ಹೇಳುವಂತಿಲ್ಲ. “ಬರೀರಿ, ಚಲೋತ್ನಂಗ ಬರೀರಿ. ಆದ್ರ ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ. 2021ರ ನಡತೆ ನಿಯಮ ಅದಾವ” ಎಂದರು. ಹೆಸರಿಲ್ಲದಿರುವುದೂ ಕಾನೂನು ಪಾಲನೆಯೇ.

ಅವರ ಲೆಕ್ಕ ಮೊಟ್ಟೆಯಿಂದ ಶುರುವಾಗುತ್ತದೆ. 2021ರ ಡಿಸೆಂಬರಿನಲ್ಲಿ ಈ ಕಲ್ಯಾಣ ಕರ್ನಾಟಕದ ಸಾಲಿಗಳಿಂದಲೇ ಆರಂಭವಾದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಒಳ್ಳೆಯದೇ. ಹುಡುಗರ ಕೆನ್ನೆ ನೋಡಿದರೆ ಗೊತ್ತಾಗುತ್ತದೆ. ಒಂದು ಮೊಟ್ಟೆಗೆ ಗೊತ್ತುಮಾಡಿದ್ದು ಆರು ರೂಪಾಯಿ. ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸಿಪ್ಪೆ ಸುಲಿಯುವುದು ಎಲ್ಲ ಅದರಲ್ಲೇ ಬಂತು. ಕೋಳಿಗೆ ಮಾತ್ರ ಈ ಸುತ್ತೋಲೆಯ ಪ್ರತಿ ಹೋದಂತಿಲ್ಲ. ಚಳಿ ಬಿತ್ತೆಂದರೆ ದರ ಏರುತ್ತದೆ. ಮೊನ್ನೆ ಇತ್ತ ಕಡೆ ಏಳು ರೂಪಾಯಿ, ಹೊಳೆ ಆಚೆ ಸಿರುಗುಪ್ಪದಲ್ಲಿ ಆರೂವರೆ ಎಂದು ಗೊತ್ತಾಗಿ ಮಾಸ್ತರು ಬೈಕ್ ಹತ್ತಿದರು. ಮೊಟ್ಟೆಯ ಬದಲು ಬಾಳೆಹಣ್ಣು ತಿನ್ನುವ ಆರು ಮಕ್ಕಳನ್ನು ಬಿಟ್ಟರೆ ಬೇಕಾದದ್ದು 90. ಲೆಕ್ಕಕ್ಕೆ ಸರಿಯಾಗಿ ಮೂರು ಟ್ರೇ.

ಸೇತುವೆ ಮೇಲೆ ಭತ್ತದ ಲಾರಿಗೆ ದಾರಿ ಬಿಡಲು ಹೋಗಿ ಬೈಕ್ ಕುಣಿಯಿತು. ಒಂದು ಮೊಟ್ಟೆ ಬಿರುಕು ಬಿಟ್ಟು ಪ್ಯಾಂಟಿನ ಮೇಲೆ ಇಳಿಯಿತು.

ಈಗ ಕಾನೂನಿನ ಪ್ರಶ್ನೆಗಳು ಏಳುತ್ತವೆ. ಹೊಳೆ ಆಚೆ ಬಳ್ಳಾರಿ ಜಿಲ್ಲೆ, ಈಚೆ ರಾಯಚೂರು ಜಿಲ್ಲೆ. ಮೊಟ್ಟೆ ಒಡೆದದ್ದು ಯಾರ ವ್ಯಾಪ್ತಿಯಲ್ಲಿ? ದಾಸ್ತಾನು ವಹಿಯಲ್ಲಿ ಬಂದದ್ದು, ಖರ್ಚಾದದ್ದು, ಉಳಿದದ್ದು ಎಂದು ಮೂರು ಅಂಕಣಗಳಿವೆ, ಒಡೆದದ್ದಕ್ಕೆ ಅಂಕಣವಿಲ್ಲ. 89 ಎಂದು ಬರೆದರೆ ಒಂದು ಮಗುವಿನ ಹಕ್ಕು ಕಸಿದಂತೆ. 90 ಎಂದು ಬರೆದರೆ ಸುಳ್ಳು ದಾಖಲೆ. ಒಂದು ಮಗುವಿಗೆ ಗೈರುಹಾಜರಿ ಹಾಕಿಬಿಡಬಹುದಿತ್ತು. ಆದರೆ ಆ ಮಗು ಎದುರಿಗೇ ನಿಂತು ಪ್ಯಾಂಟ್ ನೋಡಿ ನಗುತ್ತಿದೆ. ಕೊನೆಗೆ ಊರಿನ ಗೂಡಂಗಡಿಯಲ್ಲಿ ಏಳು ರೂಪಾಯಿ ಕೊಟ್ಟು ಒಂದು ಮೊಟ್ಟೆ ತಂದರು. ಅದಕ್ಕೆ ಬಿಲ್ ಇಲ್ಲ, ಓಚರ್ ಇಲ್ಲ. ಒಟ್ಟು ಕೈಬಿಟ್ಟದ್ದು 52 ರೂಪಾಯಿ, ಪೆಟ್ರೋಲ್ ಬೇರೆ. ಸಾಲಿಯಿಂದ ಕದ್ದವರನ್ನು ಹಿಡಿಯಲು ಲೆಕ್ಕಪರಿಶೋಧನೆ ಇದೆ. ಸಾಲಿಗೆ ಕೈಯಿಂದ ಹಾಕಿದವರನ್ನು ಹಿಡಿಯಲು ಯಾವ ಆಡಿಟ್ಟೂ ಇಲ್ಲ, ಸದ್ಯ ಬಚಾವು.

ಊಟದ ಲೆಕ್ಕ ಇನ್ನೂ ನಾಜೂಕು. ಒಂದರಿಂದ ಐದನೇ ತರಗತಿಯ ಮಗುವಿಗೆ ಕೇಂದ್ರದ ಲೆಕ್ಕದಲ್ಲಿ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಅಕ್ಕಿ ಬಿಟ್ಟು ಮಿಕ್ಕ ಸಾಮಾನಿಗೆ, ಒಲೆಗೆ 2025ರ ಮೇ 1ರಿಂದ 6 ರೂಪಾಯಿ 78 ಪೈಸೆ. ಆ 78 ಪೈಸೆಯನ್ನು ಕೊಂಡಾಡಬೇಕು. 80 ಎಂದಿದ್ದರೆ ದುಂದು, 75 ಎಂದಿದ್ದರೆ ಅನ್ಯಾಯ. ಊಟ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಿ ವಹಿಯಲ್ಲಿ ಸಹಿ ಹಾಕಬೇಕು. ಉಂಡದ್ದಕ್ಕೆ ಸಹಿ ಹಾಕುವ ನೌಕರ ದೇಶದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನಾನು ನಗೆಯಾಡಿದೆ. ಮಾಸ್ತರು ನಗಲಿಲ್ಲ. 2013ರಲ್ಲಿ ಬಿಹಾರದ ಛಾಪ್ರಾ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತದ್ದನ್ನು ನೆನಪಿಸಿದರು. “ಈ ಒಂದು ಸಹಿ ಮಾತ್ರ ನಾ ಉಂಡೇ ಹಾಕತೀನ್ರಿ” ಎಂದರು.

ತೊಡಕು ಇರುವುದೇ ಇಲ್ಲಿ. ಯಾವ ನಿಯಮ ಕೆದಕಿದರೂ ಕೆಳಗೆ ಯಾವುದೋ ಮಗುವಿನ ಕಣ್ಣೀರು ಸಿಗುತ್ತದೆ. ಬಯ್ಯಲು ಒಂದೂ ಕೆಟ್ಟ ಕಾನೂನು ಸಿಗದೆ ವ್ಯಂಗ್ಯ ಬರೆಯುವವನ ಹೊಟ್ಟೆಪಾಡಿಗೇ ಕುತ್ತು.

ಶೌಚಾಲಯದ ವಿಷಯವನ್ನೇ ತೆಗೆದುಕೊಳ್ಳಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದು ನಾಡೇ ತಲೆ ತಗ್ಗಿಸಿತು. ಮಕ್ಕಳಿಂದ ಶೌಚಾಲಯ ತೊಳೆಸಿದರೆ ಜೋಕೆ ಎಂದು ಸುತ್ತೋಲೆ ಬಂತು. ಬರಲೇಬೇಕಿತ್ತು. ಶೌಚಾಲಯ ಸ್ವಚ್ಛವಾಗಿರಬೇಕು ಎಂಬ ಸುತ್ತೋಲೆ ಅದಕ್ಕೂ ಮುಂಚಿನಿಂದ ಜಾರಿಯಲ್ಲಿತ್ತು. ತೊಳೆಯುವವರು ಯಾರು ಎಂಬ ಸುತ್ತೋಲೆ ಮಾತ್ರ ಇನ್ನೂ ನಾಲೆಯಲ್ಲಿದೆ. ಈ ಸಾಲಿಯಲ್ಲಿ ಜವಾನನಿಲ್ಲ, ಜಾಡಮಾಲಿ ಇಲ್ಲ. ಸಮಗ್ರ ಶಿಕ್ಷಣದ ಲೆಕ್ಕದಲ್ಲಿ ನೂರರೊಳಗಿನ ಮಕ್ಕಳಿರುವ ಇಂಥ ಸಾಲಿಗೆ ವರ್ಷದ ಅನುದಾನ 25,000 ರೂಪಾಯಿ, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಅಂದರೆ 2,500. ದಿನಕ್ಕೆ ಏಳು ರೂಪಾಯಿಗೂ ಕಮ್ಮಿ. ಗೂಡಂಗಡಿಯ ಆ ಓಚರಿಲ್ಲದ ಮೊಟ್ಟೆಯೂ ಇಷ್ಟಕ್ಕೆ ಬರುವುದಿಲ್ಲ.

ಮಾಸ್ತರು ಬೆಳಿಗ್ಗೆ ಏಳೂವರೆಗೆ ಬರುತ್ತಾರೆ. ಪ್ಯಾಂಟ್ ಮೊಣಕಾಲಿಗೆ ಮಡಿಚುತ್ತಾರೆ, ಒಂದು ಕೊಡ ನೀರು, ಅರ್ಧ ಬಾಟಲಿ ಫಿನಾಯಿಲ್, ಬಾರಿಗಿ. ಬಾಗಿಲು ಒಳಗಿಂದ ಹಾಕಿಕೊಳ್ಳುತ್ತಾರೆ. ಯಾರಾದರೂ ಮೊಬೈಲಿನಲ್ಲಿ ಹಿಡಿದು ‘ಶಿಕ್ಷಕರಿಂದ ಶೌಚಾಲಯ ಸ್ವಚ್ಛತೆ’ ಎಂದು ಹಾಕಿಬಿಟ್ಟರೆ ಅದಕ್ಕೂ ವಿವರಣೆ ಕೇಳಿ ನೋಟಿಸು ಬರುತ್ತದಲ್ಲ. ಎಂಟಕ್ಕೆ ಕೈ ತೊಳೆದುಕೊಂಡು ಪಾಲನಾ ವರದಿ ಬರೆಯುತ್ತಾರೆ: ‘ಶೌಚಾಲಯವನ್ನು ಶುಚಿಗೊಳಿಸಲು ಕ್ರಮ ವಹಿಸಲಾಗಿದೆ.’

ಕನ್ನಡ ವ್ಯಾಕರಣಕ್ಕೆ ಸರ್ಕಾರ ಕೊಟ್ಟ ದೊಡ್ಡ ಕಾಣಿಕೆ ಈ ‘ಲಾಗಿದೆ’. ಕರ್ಮಣಿ ಪ್ರಯೋಗ ನಮ್ಮ ಭಾಷೆಗೆ ಒಗ್ಗದು ಎಂದು ಪಂಡಿತರು ಹೇಳುತ್ತಲೇ ಬಂದರು. ಕಚೇರಿಯಲ್ಲಿ ಅದು ಭತ್ತದಂತೆ ಎರಡು ಬೆಳೆ ಬೆಳೆಯುತ್ತಿದೆ. ಕರ್ತೃ ಇಲ್ಲದೆಯೇ ಕೆಲಸ ಆಗಿರುತ್ತದೆ. ಹೊಣೆ ಕೇಳುವಾಗ ಮಾತ್ರ ಕರ್ತೃ ಪ್ರತ್ಯಕ್ಷ.

ಖರೀದಿಗೆ ಪಾರದರ್ಶಕತೆಯ ಕಾಯ್ದೆ ಬಂದದ್ದು 1999ರಲ್ಲಿ. ಸಾಲಿಯ ಮಟ್ಟಕ್ಕೆ ಅದು ಇಳಿದದ್ದು ಮೂರು ಕೊಟೇಷನ್ನಿನ ರೂಪದಲ್ಲಿ. ಬಾರಿಗಿ ಕೊಳ್ಳಲು ಮೂರು ಅಂಗಡಿಯ ದರ ಬೇಕು, ಊರಲ್ಲಿರುವುದು ಒಂದೇ ಅಂಗಡಿ. ಅಂಗಡಿಯವನು ಉದಾರಿ. “ಉಳಿದ ಎರಡೂ ನಾನಾ ಕೊಡತೀನಿ ತಗೋರಿ ಸರ್” ಎಂದು ಡ್ರಾಯರಿನಿಂದ ಬೇರೆ ಎರಡು ಲೆಟರ್‌ಹೆಡ್ ತೆಗೆದನಂತೆ.

ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಕತೆ ಇದಕ್ಕಿಂತ ಚೆಂದ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ತಂದೆತಾಯಿಯರು, ಅರ್ಧ ಹೆಂಗಸರು. ಠರಾವಿಗೆ ಸಹಿ ಬೇಕಾದಾಗ ನಾಟಿ ಜೋರು. ಸದಸ್ಯೆಯರೆಲ್ಲ ಗದ್ದೆಯಲ್ಲಿ. ಸಭೆಯೇ ಗದ್ದೆಗೆ ಹೋಯಿತು. ಮಾಸ್ತರು ಬದುವಿನ ಮೇಲೆ ಕೂತು ಠರಾವು ಓದಿದರು, “ಅದರಾಗ ಏನೈತ್ರಿ ಸರ್, ಬಾರಿಗಿನಾ? ತಗೋರಿ ತಗೋರಿ” ಎಂದು ಅವಿರೋಧವಾಗಿ ಪಾಸಾಯಿತು, ಕೆಸರುಗೈಯಲ್ಲೇ ಹೆಬ್ಬೆಟ್ಟು ಒತ್ತಿದರು. ಆರು ತಿಂಗಳಾದ ಮೇಲೆ ಆಡಿಟರು ಪುಟವನ್ನು ಬೆಳಕಿಗೆ ಹಿಡಿದು ಕೇಳಿದ್ದು, “ಇದು ಹೆಬ್ಬೆಟ್ಟೋ ಕೆಸರೋ?” ಪ್ರಜಾಪ್ರಭುತ್ವದ ಬಗ್ಗೆ ಇಷ್ಟು ಆಳವಾದ ಪ್ರಶ್ನೆಯನ್ನು ನಾನು ಈಚೆಗೆ ಕೇಳಿಲ್ಲ.

ಹಾಗೆ ನೋಡಿದರೆ ಈ ಸೀಮೆಗೆ ಸುತ್ತೋಲೆ ಹೊಸದಲ್ಲ. ಮಸ್ಕಿಯ ಬಂಡೆಯ ಮೇಲೆ ಅಶೋಕನದ್ದೊಂದಿದೆ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅದನ್ನು ಕಂಡ. ಕಳಿಸಿದವರ ಹೆಸರು ಸ್ಪಷ್ಟವಾಗಿ ನಮೂದಾಗಿರುವುದರಿಂದಲೇ ಅದಕ್ಕೆ ಪ್ರಸಿದ್ಧಿ. ಈಗಿನ ಸುತ್ತೋಲೆಗಳಲ್ಲಿ ಆ ಜಾಗದಲ್ಲಿ ಬರೀ ‘ಸಹಿ/-’ ಇರುತ್ತದೆ. ಹೊಳೆ ಆಚೆ ನಿಟ್ಟೂರು, ಉಡೇಗೋಳಗಳಲ್ಲಿ ಯಥಾಪ್ರತಿಗಳಿವೆ. ಅಲ್ಲಿನ ಎರಡನೇ ಶಾಸನದ ಕ್ರಮ ನೋಡಿದರೆ ಯಾವ ಮುಖ್ಯಗುರುವೂ ಗುರುತು ಹಿಡಿಯುತ್ತಾನೆ: ಮೇಲಿನ ಅಧಿಕಾರಿ ರಜ್ಜುಕನೆಂಬ ಕೆಳಗಿನ ಅಧಿಕಾರಿಗೆ ಹೇಳಬೇಕು, ರಜ್ಜುಕ ಜನಪದಕ್ಕೆ ಹೇಳಬೇಕು. ಗುರುಗಳನ್ನು ಗೌರವದಿಂದ ಕಾಣಬೇಕು ಎಂಬುದು ಅದರಲ್ಲಿನ ಒಂದು ಸೂಚನೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಆ ಆದೇಶವನ್ನು ಯಾರೂ ಹಿಂಪಡೆದಿಲ್ಲ. ಪಾಲನಾ ವರದಿಯೂ ಹೋದಂತಿಲ್ಲ.

ನಮ್ಮ ಕಾಲದ ಸುತ್ತೋಲೆಗಳಿಗೆ ಅಷ್ಟು ಆಯಸ್ಸಿಲ್ಲ. 2022ರ ಅಕ್ಟೋಬರಿನಲ್ಲಿ, ಸರ್ಕಾರಿ ಶಾಲೆಯ ಪೋಷಕರಿಂದ ಎಸ್‌ಡಿಎಂಸಿಗಳು ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು, ‘ಸ್ವಯಂಪ್ರೇರಿತ’ವಾಗಿರಬೇಕು, ಎಂಬ ಆದೇಶ ಹೊರಟಿತು. ಉಚಿತ ಶಿಕ್ಷಣದ ಕಾಯ್ದೆ ಒಂದು ಕೈಯಲ್ಲಿ, ರಸೀದಿ ಪುಸ್ತಕ ಇನ್ನೊಂದು ಕೈಯಲ್ಲಿ. ಗದ್ದಲವಾದದ್ದೇ ಕೆಲವೇ ದಿನಗಳಲ್ಲಿ ವಾಪಸ್. ಅಷ್ಟರೊಳಗೆ ಯಾವನಾದರೂ ವಿಧೇಯ ಮುಖ್ಯಗುರು ನೂರು ರೂಪಾಯಿ ವಸೂಲಿ ಮಾಡಿದ್ದರೆ? ಆದೇಶ ಪಾಲಿಸಿದ ತಪ್ಪಿಗೆ ನೇರ ಹೊಣೆ. ಇದರ ಪಾಠ ಮಾಸ್ತರಿಗೆ ಗೊತ್ತು. ಬಂದ ಸುತ್ತೋಲೆಯನ್ನು ಮೂರು ದಿನ ಹಾಗೇ ಬಿಡುತ್ತಾರೆ, ಉಳಿದರೆ ಪಾಲಿಸುತ್ತಾರೆ.

ಇನ್ನು ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ. ಜನಗಣತಿ, ವಿಪತ್ತು, ಚುನಾವಣೆ ಈ ಮೂರು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗಿದರು, ಅದಕ್ಕಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಸಮೀಕ್ಷೆ ಬೇಕೇ ಎಂದು ಕೇಳಿದರೆ ಬೇಕೇ ಬೇಕು ಎಂದೇನು. ಅದು ಗಣತಿಯಲ್ಲ, ಸಮೀಕ್ಷೆ. ಹಾಗಾದರೆ ಮೂರರಲ್ಲಿ ಯಾವುದು? “ನಮ್ಮ ಪಾಲಿಗೆ ನಡುವಿಂದು” ಎಂದರು ಮಾಸ್ತರು.

ಇಷ್ಟರ ನಡುವೆ ಪಾಠ? ಮಾಡುತ್ತಾರೆ. ನಾನು ಹೋದ ದಿನ ಐದನೇ ತರಗತಿಗೆ ಉಕ್ತಲೇಖನ ನಡೆಯುತ್ತಿತ್ತು. ಒಂದು ಕಣ್ಣು ಮೊಬೈಲಿನ ಮೇಲೆ, ಯಾವುದೋ ಪೋರ್ಟಲಿನ ಒಟಿಪಿಗಾಗಿ ಕಾಯುತ್ತಿತ್ತು. ಪುಸ್ತಕ ಕೈಗೆ ಸಿಗದೆ ಮೇಜಿನ ಮೇಲಿದ್ದ ಕಾಗದವನ್ನೇ ಓದಿ ಬರೆಸುತ್ತಿದ್ದರು. ಹುಡುಗರು ತಲೆ ತಗ್ಗಿಸಿ, ನಾಲಿಗೆ ಕಚ್ಚಿ, ಒತ್ತಕ್ಷರ ತಪ್ಪದಂತೆ ಬರೆದರು. ಗಂಟೆ ಹೊಡೆಯಿತು. ಹಿಂದಿನ ಸಾಲಿನ ಒಬ್ಬನನ್ನು ಎಬ್ಬಿಸಿ, “ಏನಲೇ, ನಿನ್ನೆ ಹೇಳಿದ ಲೆಕ್ಕ ಮಾಡಿಕೊಂಡು ಬಂದೀಯೇನು?” ಎಂದು ಕೇಳಿದರು.

ಹುಡುಗ ಎದ್ದು ಕೈ ಕಟ್ಟಿ ನಿಂತ. “ಕ್ರಮ ವಹಿಸಲಾಗಿದೆ ಸರ್.”